ಫೈಟರ್ ಮೀನಿಗೆ ಜೊತೆ ಯಾರು?

ಅಕ್ವೇರಿಯಂ ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟ ಪ್ಲಾಸ್ಟಿಕ್ ಲೋಟಗಳು. ಲೋಟಕ್ಕೊಂದು ಮೀನು, ಒಂದರ ಮುಖ ಇನ್ನೊಂದಕ್ಕೆ ಕಾಣದಂತೆ ನಡುವೆ ಸಿಕ್ಕಿಸಿದ ರಟ್ಟಿನ ಚೂರು. ಅಂಗಡಿಯವರು ಇದನ್ನು ‘ಫೈಟರ್’ ಎನ್ನುತ್ತಾರೆ, ಹವ್ಯಾಸಿಗಳು ಬೆಟ್ಟಾ ಎನ್ನುತ್ತಾರೆ. ಬಣ್ಣಕ್ಕೆ ಮರುಳಾಗಿ ಒಂದನ್ನು ಮನೆಗೆ ತಂದವರಿಗೆ ವಾರ ಕಳೆಯುವಷ್ಟರಲ್ಲಿ ‘ಪಾಪ, ಒಂಟಿಯಾಗಿದೆ’ ಎನಿಸತೊಡಗುತ್ತದೆ. ಮಕ್ಕಳ ಒತ್ತಾಯವೂ ಸೇರಿ ಎರಡು ಗಪ್ಪಿ, ಗಾಜಿನ ಪಾಚಿ ತಿನ್ನಲಿ ಎಂದು ಒಂದು ಸಕ್ಕರ್ ತೊಟ್ಟಿಗೆ ಬರುತ್ತವೆ. ಮರುದಿನ ಬೆಳಗ್ಗೆ ನೋಡಿದರೆ ಗಪ್ಪಿಯ ಬಾಲ ಅರ್ಧ ಇಲ್ಲ.

ಫೈಟರ್ ಯಾರ ಜೊತೆಗೂ ಹೊಂದುವುದಿಲ್ಲ ಎಂದು ಹಲವರು ಅಲ್ಲಿಗೇ ಕೈಬಿಡುತ್ತಾರೆ. ಆದರೆ ತೊಟ್ಟಿ ಸಾಕಷ್ಟು ದೊಡ್ಡದಿದ್ದು, ಜೊತೆಗಾರರನ್ನು ಯೋಚಿಸಿ ಆರಿಸಿದರೆ, ಬಹುತೇಕ ಬೆಟ್ಟಾಗಳು ಕೆಲವು ಜಾತಿಯ ಜೀವಿಗಳೊಂದಿಗೆ ತಕರಾರಿಲ್ಲದೆ ಇರಬಲ್ಲವು. ಯಾವುದನ್ನು ತರಬೇಕು ಎಂಬುದಕ್ಕಿಂತ ಮೊದಲು, ಅದು ಕಚ್ಚುವುದೇಕೆ ಎಂಬುದು ಗೊತ್ತಿರಬೇಕು.

ಕಚ್ಚುವುದು ಯಾಕೆ?

ಬೆಟ್ಟಾದ ತವರು ಥಾಯ್ಲೆಂಡ್ ಮತ್ತು ಅದರ ಸುತ್ತಿನ ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆ. ಪಂದ್ಯಕ್ಕಾಗಿ ಜಗಳಗಂಟ ಮೀನುಗಳನ್ನೇ ಆರಿಸಿ ಆರಿಸಿ ಬೆಳೆಸುವ ರೂಢಿ ಅಲ್ಲಿ ಶತಮಾನಗಳಷ್ಟು ಹಳೆಯದು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ವೈಜ್ಞಾನಿಕ ಹೆಸರನ್ನು 1910ರಲ್ಲಿ ಕೊಟ್ಟವರು ಬ್ರಿಟನ್ನಿನ ಚಾರ್ಲ್ಸ್ ಟೇಟ್ ರೀಗನ್. ಥಾಯ್ ಸರ್ಕಾರ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು.

ಗಂಡು ಬೆಟ್ಟಾ ತನ್ನ ಜಾಗವನ್ನು ಕಾಯುವ ಮೀನು. ನೀರಿನ ಮೇಲ್ಮೈಯಲ್ಲಿ ಬಾಯಿಂದ ಗುಳ್ಳೆ ಬಿಡುತ್ತಾ ನೊರೆಯ ಗೂಡು ಕಟ್ಟುತ್ತದೆ, ಮೊಟ್ಟೆಗಳನ್ನು ಅದರಲ್ಲಿಟ್ಟು ತಾನೇ ಕಾವಲು ನಿಲ್ಲುತ್ತದೆ. ತೊಟ್ಟಿಯಲ್ಲಿ ಹೆಣ್ಣು ಇಲ್ಲದಿದ್ದರೂ ಗೂಡು ಕಟ್ಟುವುದನ್ನು ಬಿಡುವುದಿಲ್ಲ. ಆ ಹೊತ್ತಿನಲ್ಲಿ ಮೇಲ್ಮೈಯಲ್ಲಿ ಸುಳಿದಾಡುವ ಯಾರೇ ಆದರೂ ಅದರ ಕಣ್ಣಿಗೆ ಕಳ್ಳರೇ. ಗದ್ದೆಯಲ್ಲಾದರೆ ಸೋತ ಮೀನು ಹುಲ್ಲಿನ ನಡುವೆ ನುಸುಳಿ ತಪ್ಪಿಸಿಕೊಳ್ಳುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಒಂದಡಿ ಗಾಜಿನ ತೊಟ್ಟಿಯಲ್ಲಿ ಓಡಿ ಹೋಗುವುದಾದರೂ ಎಲ್ಲಿಗೆ?

ಎದುರಾಳಿ ಯಾರೆಂಬುದನ್ನು ಅದು ಕಣ್ಣಿನಿಂದಲೇ ತೀರ್ಮಾನಿಸುತ್ತದೆ. ತೊಟ್ಟಿಯ ಮುಂದೆ ಕನ್ನಡಿ ಹಿಡಿದರೆ ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಗಂಟಲ ಕೆಳಗಿನ ಪೊರೆಯನ್ನು ಗಡ್ಡದಂತೆ ಇಳಿಬಿಟ್ಟು, ರೆಕ್ಕೆಗಳನ್ನೆಲ್ಲ ಬಿಡಿಸಿ ತನ್ನ ಬಿಂಬಕ್ಕೇ ಸವಾಲು ಹಾಕುತ್ತದೆ. ಅಗಲ ಬಾಲ, ಹೊಳೆವ ಬಣ್ಣ, ಅದೇ ಮೈಕಟ್ಟು ಕಂಡರೆ ಅದು ಇನ್ನೊಂದು ಗಂಡು ಎಂದೇ ಲೆಕ್ಕ. ಗಪ್ಪಿಯ ಗಂಡು ಸಿಕ್ಕಿಬೀಳುವುದು ಹೀಗೆ. ಇನ್ನು ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಮಿಸುಕಾಡುವುದೆಲ್ಲ ಅದಕ್ಕೆ ಆಹಾರ. ತವರಿನ ಗದ್ದೆ, ಜೌಗಿನಲ್ಲಿ ಅದರ ಊಟ ಸೊಳ್ಳೆಮರಿ, ನೀರಹುಳ, ಚಿಕ್ಕಪುಟ್ಟ ಕೀಟ.

ಇದರ ಇನ್ನೊಂದು ಮಗ್ಗುಲನ್ನು ಜನ ಮರೆಯುತ್ತಾರೆ. ಹಾಫ್‌ಮೂನ್, ಕ್ರೌನ್‌ಟೇಲ್ ತಳಿಗಳ ಉದ್ದ ಬಾಲವನ್ನು ಬೆಳೆಸಿದ್ದು ಮನುಷ್ಯ. ಆ ಭಾರ ಎಳೆದುಕೊಂಡು ಈಜುವ ಮೀನು ನಿಧಾನಿ, ಚುರುಕಾದ ಮೀನುಗಳ ಬಾಯಿಗೆ ಸುಲಭದ ತುತ್ತು. ಎಷ್ಟೋ ತೊಟ್ಟಿಗಳಲ್ಲಿ ಪೆಟ್ಟು ತಿನ್ನುವುದು ಫೈಟರ್ರೇ. ಗಿಡ್ಡ ಬಾಲದ ಪ್ಲಾಕಟ್ ತಳಿಯ ಕತೆ ಬೇರೆ: ವೇಗವಾಗಿ ಈಜುತ್ತದೆ, ಅಟ್ಟಿಸಿಕೊಂಡು ಹೋದರೆ ಹಿಡಿದೇ ಬಿಡುತ್ತದೆ.

ಹಾಗಾಗಿ ಇದಕ್ಕೆ ಒಳ್ಳೆಯ ಜೊತೆಗಾರನೆಂದರೆ ಬೆಟ್ಟಾಗೆ ಗಮನಿಸಲು ಕಾರಣವನ್ನೇ ಕೊಡದ ಜೀವಿ. ಬೇರೆ ಮಟ್ಟದಲ್ಲಿ ಓಡಾಡಬೇಕು, ಉದ್ದ ಬಾಲ ಇರಬಾರದು, ಬಾಯಿಗೆ ಹಿಡಿಸಬಾರದು, ಬೇರೆಯವರ ರೆಕ್ಕೆ ಕಚ್ಚುವ ಚಾಳಿ ಇರಬಾರದು. ಸ್ನೇಹ ಬೆಳೆಯಲಿ ಎಂಬ ಆಸೆ ನಮ್ಮದು. ಬೆಟ್ಟಾಗೆ ಅದರ ಅಗತ್ಯವಿಲ್ಲ. ಒಂಟಿಯಾಗಿದ್ದರೆ ಅದು ಕೊರಗುವುದೂ ಇಲ್ಲ.

ಮೊದಲು ತೊಟ್ಟಿ ಸರಿಯಿರಲಿ

ಬೆಟ್ಟಾದ ಕಿವಿರುಗಳ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಮಡಿಕೆ ಮಡಿಕೆಯ ಅಂಗವಿದೆ. ಮೇಲೆ ಬಂದು ಗುಟುಕಿಸಿದ ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರಲು ಇದು ನೆರವಾಗುತ್ತದೆ. ಅಂಗಡಿಯ ಲೋಟದಲ್ಲಿ ಅದು ದಿನಗಟ್ಟಲೆ ಬದುಕುವುದು ಇದರಿಂದಲೇ, ‘ಫೈಟರ್‌ಗೆ ಸ್ವಲ್ಪ ನೀರು ಸಾಕು’ ಎಂಬ ತಪ್ಪು ನಂಬಿಕೆ ಹುಟ್ಟಿದ್ದೂ ಇದರಿಂದಲೇ. ಜೊತೆಗೆ ಬರುವ ಹಲವು ಮೀನುಗಳಿಗೆ ಈ ಸೌಕರ್ಯವಿಲ್ಲ.

ಒಂಟಿ ಬೆಟ್ಟಾಗೆ 20 ಲೀಟರ್ ಕನಿಷ್ಠ. ಬಸವನಹುಳು ಒಂದೆರಡನ್ನು ಸೇರಿಸುವುದಿದ್ದರೆ ಅಷ್ಟರಲ್ಲೇ ಹೇಗೋ ನಡೆಯುತ್ತದೆ. ಮೀನಿನ ಗುಂಪನ್ನೇ ತರುವುದಾದರೆ 40 ಲೀಟರ್‌ಗಿಂತ ಕಡಿಮೆ ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 55 ಲೀಟರ್ ಹಿಡಿಯುತ್ತದೆ, ನೆಮ್ಮದಿಯ ಅಳತೆ ಅದು. ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ತಪ್ಪಿಸಿಕೊಳ್ಳುವ ಮೀನು ಓಡುವುದು ಅಡ್ಡಡ್ಡ. ಒಂದು ತುದಿಯಿಂದ ನಿಂತು ನೋಡಿದರೆ ಇನ್ನೊಂದು ತುದಿ ಕಾಣದಷ್ಟು ಗಿಡ, ಮರದ ಬೇರು, ಕಲ್ಲು ನಡುವೆ ಇರಲಿ. ಕಣ್ಣಿಗೆ ಕಾಣದವನ ಜೊತೆ ಬೆಟ್ಟಾ ಜಗಳ ತೆಗೆಯುವುದಿಲ್ಲ. ಮೇಲೊಂದು ಮುಚ್ಚಳ ಬೇಕೇ ಬೇಕು. ಹಾರುವುದರಲ್ಲಿ ಅದು ನಿಸ್ಸೀಮ.

ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟಾಗಿ ಕೇಡು ಮಾಡದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿನ್ನೆ ತುಂಬಿಸಿದ ತೊಟ್ಟಿಗೆ ಇಂದು ಎಂಟು ಮೀನು ಬಿಟ್ಟರೆ ಸಾಯುವುದು ಅಮೋನಿಯಾದಿಂದ, ಬೈಗುಳ ಮಾತ್ರ ಫೈಟರ್‌ಗೆ. ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಸಾಕು. ರಭಸದ ಫಿಲ್ಟರ್ ಹಾಕಿದರೆ ಉದ್ದ ಬಾಲದ ಬೆಟ್ಟಾ ಸೆಳವಿನ ಎದುರು ಈಜಿ ಈಜಿ ಸೋಲುತ್ತದೆ.

ಬೆಟ್ಟಾಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕು; ಲೀಟರಿಗೆ ಒಂದು ವಾಟ್ ಎಂಬುದು ಸರಾಸರಿ ಲೆಕ್ಕ. ಮಂಗಳೂರಿನಲ್ಲಿ ಅದರ ಕೆಲಸ ಕಡಿಮೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ನೀರು 30 ದಾಟಿದರೆ ಬೆಟ್ಟಾ ಹೇಗೋ ತಡೆದುಕೊಂಡೀತು, ತಂಪು ಬಯಸುವ ಜೊತೆಗಾರರು ಸೊರಗುತ್ತಾರೆ.

ಹೊಂದಿಕೊಳ್ಳುವವರು

1. ನೆರೈಟ್ ಬಸವನಹುಳು. ಮೊದಲ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಗಟ್ಟಿ ಚಿಪ್ಪು, ಗಾಜಿನ ಮೇಲಿನ ಪಾಚಿಯೇ ಊಟ. ಇದರ ಮರಿಗಳಿಗೆ ಉಪ್ಪುನೀರಿನ ಅಂಶ ಬೇಕಾದ್ದರಿಂದ ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಸಂತಾನ ಬೆಳೆಯುವುದಿಲ್ಲ. ಅಲ್ಲಲ್ಲಿ ಅಂಟಿಸುವ ಎಳ್ಳುಕಾಳಿನಂಥ ಬಿಳಿ ಮೊಟ್ಟೆಗಳೇ ಇದರ ಒಂದು ಕಿರಿಕಿರಿ. ಕೊಳವೆಬಾವಿಯ ಗಡಸು ನೀರು ಇರುವ ಮನೆಗಳಲ್ಲಿ ಚಿಪ್ಪು ಚೆನ್ನಾಗಿ ಬೆಳೆಯುತ್ತದೆ. ದೊಡ್ಡ ಗಾತ್ರದ ಮಿಸ್ಟರಿ ಬಸವನಹುಳುವೂ ಆದೀತು, ಆದರೆ ಅದರ ಉದ್ದ ಮೀಸೆಗಳು ಅಲ್ಲಾಡುವುದನ್ನು ಕೆಲವು ಬೆಟ್ಟಾಗಳು ಹುಳವೆಂದು ಭ್ರಮಿಸುತ್ತವೆ. ಹತ್ತಿರ ಬಂದು, ತಲೆ ಓರೆ ಮಾಡಿ ದಿಟ್ಟಿಸಿ, ಟಕ್ಕನೆ ಕಚ್ಚುತ್ತವೆ. ಬಸವನಹುಳು ಮೀಸೆ ಒಳಗೆಳೆದುಕೊಂಡು ದಿನವಿಡೀ ಹೊರಗೇ ಬರದಿದ್ದರೆ ವಿಷಯ ಇದು.

2. ಕೋರಿಡೋರಾಸ್. ತಳದಲ್ಲೇ ಓಡಾಡುವ ಚಿಕ್ಕ ಕ್ಯಾಟ್‌ಫಿಶ್, ಮೈಮೇಲೆ ರಕ್ಷಾಕವಚದಂಥ ಫಲಕಗಳ ಸಾಲು. ಬೆಟ್ಟಾ ಮೇಲಿನ ಅಂತಸ್ತು, ಇದು ನೆಲ ಅಂತಸ್ತು. ಕನಿಷ್ಠ ಆರನ್ನು ಒಟ್ಟಿಗೆ ತರಬೇಕು. ಒಂದೋ ಎರಡೋ ಇದ್ದರೆ ಮೂಲೆಯಲ್ಲಿ ಅಡಗಿಯೇ ಇರುತ್ತವೆ. ಬೆಚ್ಚಗಿನ ನೀರನ್ನು ತಡೆಯುವ ವಿಷಯದಲ್ಲಿ ಸ್ಟರ್ಬಾಯ್ ಕೋರಿ ಎಲ್ಲರಿಗಿಂತ ಮುಂದು, ಕಂಚು ಬಣ್ಣದ ಕೋರಿಯೂ ಅದರದೇ ಬಿಳಿ ರೂಪವಾದ ಆಲ್ಬಿನೊವೂ ನಡೆಯುತ್ತದೆ. ಪಾಂಡಾ ಕೋರಿಗೆ ತಂಪು ಬೇಕು, ಬೆಟ್ಟಾದ ಬಿಸಿ ಅದಕ್ಕೆ ಸೇರುವುದಿಲ್ಲ. ಚೂಪು ಜಲ್ಲಿ ಹಾಸಿದರೆ ಇವುಗಳ ಮೀಸೆ ಸವೆದು ಹುಣ್ಣಾಗುತ್ತದೆ, ಆದ್ದರಿಂದ ತಳಕ್ಕೆ ನಯವಾದ ಮರಳೇ ಆಗಬೇಕು. ಆಗಾಗ ಒಂದು ಕೋರಿ ಬಾಣದಂತೆ ಮೇಲ್ಮೈಗೆ ಚಿಮ್ಮಿ ಗಾಳಿ ಗುಟುಕಿಸಿ ವಾಪಸು ಧುಮುಕುವುದನ್ನು ಕಂಡು ಗಾಬರಿ ಬೇಡ. ಕರುಳಿನ ಮೂಲಕ ಗಾಳಿ ಹೀರುವುದು ಅದರ ಸಹಜ ಗುಣ.

3. ಕೂಲಿ ಲೋಚ್. ಹಳದಿ-ಕಂದು ಪಟ್ಟೆಗಳ, ಹಾವಿನಂತೆ ಬಳುಕುವ ಸುಮಾರು 10 ಸೆಂಟಿಮೀಟರ್ ಉದ್ದದ ಮೀನು. ಹಗಲು ಬೇರಿನಡಿ ಮಲಗಿ ರಾತ್ರಿ ಓಡಾಡುವುದರಿಂದ ಬೆಟ್ಟಾದ ಪಾಳಿಗೂ ಇದರ ಪಾಳಿಗೂ ಘರ್ಷಣೆಯೇ ಇಲ್ಲ. ಐದಾರು ಇರಲಿ, ಮರಳು ಇರಲಿ, ಫಿಲ್ಟರಿನ ಸಂದುಗಳಿಗೆ ಜಾಲರಿ ಇರಲಿ. ಹಗಲೆಲ್ಲ ಮೀನು ಕಾಣುತ್ತಿರಬೇಕು ಎನ್ನುವವರಿಗೆ ಇದು ಹೇಳಿಸಿದ್ದಲ್ಲ.

4. ಹಾರ್ಲೆಕ್ವಿನ್ ರಾಸ್ಬೋರಾ. ಗುಂಪಾಗಿ ಈಜುವ ಮೀನು ಬೇಕೇ ಬೇಕು ಎಂದಾದರೆ ಇದು ಮೊದಲ ಆಯ್ಕೆ. ಇದರ ತವರೂ ಆಗ್ನೇಯ ಏಷ್ಯಾ, ನೀರಿನ ಶಾಖ ಎರಡಕ್ಕೂ ಒಂದೇ. ಗಿಡ್ಡ ಬಾಲ, ನಡುನೀರಿನ ಓಡಾಟ, ಹಿಂಬಾಲಿಸಿದರೂ ಸಿಕ್ಕದಷ್ಟು ಚುರುಕು. ಎಂಟು ಇದ್ದರೆ ತಮ್ಮ ತಮ್ಮಲ್ಲೇ ಗದ್ದಲ ಮಾಡಿಕೊಂಡು ಬೆಟ್ಟಾದ ತಂಟೆಗೆ ಹೋಗುವುದಿಲ್ಲ.

5. ಎಂಬರ್ ಟೆಟ್ರಾ. ಎರಡು ಸೆಂಟಿಮೀಟರಿನ ಕೆಂಡಬಣ್ಣದ ಮೀನು, ಸ್ವಭಾವ ಸೌಮ್ಯ. ಗಿಡ ದಟ್ಟವಾಗಿರುವ ತೊಟ್ಟಿಯಲ್ಲಿ ಮಾತ್ರ. ನಿಯಾನ್ ಟೆಟ್ರಾ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಹಲವರು ಬೆಟ್ಟಾ ಜೊತೆ ಇಟ್ಟಿದ್ದಾರೆ ಕೂಡ. ಆದರೆ ಅದಕ್ಕೆ ಸ್ವಲ್ಪ ತಂಪು ನೀರು ಇಷ್ಟ, ಸಂಖ್ಯೆ ಕಡಿಮೆಯಾದರೆ ಬಾಲ ಕಚ್ಚುವ ಚಪಲವೂ ಇದೆ. ಉದ್ದ ಬಾಲದ ಹಾಫ್‌ಮೂನ್ ಇರುವ ಮನೆಗೆ ಬೇಡ.

6. ಅಮಾನೊ ಸೀಗಡಿ. ಐದು ಸೆಂಟಿಮೀಟರಿನ ತನಕ ಬೆಳೆಯುವುದರಿಂದ ಬಾಯಿಗೆ ಹಿಡಿಸುವುದಿಲ್ಲ, ಪಾಚಿ ತಿನ್ನುವುದರಲ್ಲಿ ಗಟ್ಟಿಗ. ಕೆಂಪು ಚೆರ್ರಿ ಸೀಗಡಿ ಅಗ್ಗ, ಆದರೆ ಅದರ ಮರಿಗಳು ಬೆಟ್ಟಾದ ತಿಂಡಿ. ಪಾಚಿಗಿಡದ ಪೊದೆ ದಟ್ಟವಾಗಿದ್ದರೆ ಒಂದಷ್ಟು ಉಳಿಯುತ್ತವೆ. ನಷ್ಟವಾದರೂ ಬೇಸರವಿಲ್ಲ ಎನ್ನುವವರು ಪ್ರಯತ್ನಿಸಬಹುದು.

ಈ ಪಟ್ಟಿಯಿಂದ ಒಂದು ಅಥವಾ ಹೆಚ್ಚೆಂದರೆ ಎರಡನ್ನು ಆರಿಸಬೇಕು. ಎರಡಡಿ ತೊಟ್ಟಿಗೆ ಒಂದು ಬೆಟ್ಟಾ, ಆರು ಕೋರಿ, ಎರಡು ನೆರೈಟ್ ಎಂಬುದು ಹೊಸಬರಿಗೆ ನಂಬಿಕಸ್ತ ಜೋಡಣೆ.

ದೂರವೇ ಇರಲಿ

ಇನ್ನೊಂದು ಗಂಡು ಬೆಟ್ಟಾ ಬೇಡ ಎಂಬುದು ಎಲ್ಲರಿಗೂ ಗೊತ್ತು. ಹೆಣ್ಣನ್ನು ಜೊತೆಗಿಡಬಹುದೆಂಬ ಊಹೆಯೂ ಅಷ್ಟೇ ಅಪಾಯ: ಮೊಟ್ಟೆಯಿಟ್ಟ ಕೂಡಲೇ ಗಂಡು ಅದನ್ನು ಗೂಡಿನ ಬಳಿಯಿಂದ ಓಡಿಸುತ್ತದೆ, ಓಡಲು ಜಾಗವಿಲ್ಲದಿದ್ದರೆ ಕೊಲ್ಲುತ್ತದೆ. ಹೆಣ್ಣುಗಳ ಗುಂಪನ್ನೇ ಸಾಕುವವರಿದ್ದಾರೆ, ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದ ಗುಂಪೂ ಒಂದು ದಿನ ಒಂದರ ಮೇಲೆ ಮುಗಿಬೀಳುವುದುಂಟು.

ಗೌರಾಮಿಗಳು ಬೆಟ್ಟಾದ ದಾಯಾದಿಗಳು. ಅದೇ ಲ್ಯಾಬಿರಿಂತ್ ಅಂಗ, ಅದೇ ನೊರೆಗೂಡು, ಅದೇ ಮೇಲ್ಮೈಯ ಮೇಲಿನ ಹಕ್ಕುದಾರಿಕೆ. ದಾಯಾದಿಗಳ ನಡುವೆ ಏನಾಗಬೇಕೋ ಅದೇ ಆಗುತ್ತದೆ.

ಟೈಗರ್ ಬಾರ್ಬ್, ಸರ್ಪೇ ಟೆಟ್ರಾ, ಬ್ಲ್ಯಾಕ್ ವಿಡೋ ಟೆಟ್ರಾಗಳು ಬಾಲ ಕಚ್ಚುವುದರಲ್ಲಿ ಹೆಸರುವಾಸಿ. ನಮ್ಮದೇ ನೆಲದ ಪೀ ಪಫರ್ ಕೂಡ ಇದೇ ಸಾಲಿನದು. ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿಗಳಲ್ಲಿ ಮಾತ್ರ ಸಿಗುವ, ಬಟಾಣಿಯಂತೆ ದುಂಡಗಿನ ಈ ಮೀನು ಮೂರೂವರೆ ಸೆಂಟಿಮೀಟರ್ ದಾಟುವುದಿಲ್ಲ. ನೋಡಲು ಮುದ್ದು, ಬೆಟ್ಟಾದ ಬಾಲವನ್ನು ಒಂದೇ ರಾತ್ರಿಯಲ್ಲಿ ಚಿಂದಿ ಮಾಡಬಲ್ಲದು. ಇಲ್ಲಿನದೇ ಇನ್ನೊಂದು ಮೀನು ಝೀಬ್ರಾ ಡೇನಿಯೋ ಕಚ್ಚುವುದು ಕಡಿಮೆಯಾದರೂ ಅದರ ಬಿಡುವಿಲ್ಲದ ಓಟಕ್ಕೆ ಬೆಟ್ಟಾ ಸುಸ್ತಾಗುತ್ತದೆ.

ಗೋಲ್ಡ್ ಫಿಶ್ ತಣ್ಣೀರಿನ ಮೀನು, ಗಲೀಜೂ ವಿಪರೀತ. ಸಕ್ಕರ್ ಮರಿಯಾಗಿದ್ದಾಗ ಬೆರಳುದ್ದ, ಬೆಳೆದರೆ ಒಂದಡಿಗೂ ಮೀರಿ ಹೋಗುತ್ತದೆ. ದೊಡ್ಡದಾಯಿತೆಂದು ಅದನ್ನು ಕೆರೆಗೆ ಬಿಟ್ಟುಬಂದವರ ಕೃಪೆಯಿಂದಲೇ ದಕ್ಷಿಣ ಭಾರತದ ಎಷ್ಟೋ ಕೆರೆ, ಕಾಲುವೆಗಳಲ್ಲಿ ಅದು ಬೇರೂರಿ ಸ್ಥಳೀಯ ಮೀನುಗಳ ಜಾಗ ಆಕ್ರಮಿಸಿದೆ. ಏಂಜೆಲ್ ಫಿಶ್ ಮತ್ತು ಉಳಿದ ಸಿಕ್ಲಿಡ್‌ಗಳ ಮಾತೇ ಬೇಡ.

ತೊಟ್ಟಿಗೆ ಸೇರಿಸುವ ಕ್ರಮ

ಬೆಟ್ಟಾ ಒಮ್ಮೆ ತೊಟ್ಟಿಯನ್ನು ತನ್ನದೆಂದುಕೊಂಡ ಮೇಲೆ ಬರುವವರೆಲ್ಲ ಅತಿಕ್ರಮಣಕಾರರು. ತಾನೇ ಕೊನೆಗೆ ಬಂದರೆ ಉಳಿದವರು ಮೊದಲಿನಿಂದ ಅಲ್ಲಿದ್ದವರು. ಕ್ರಮವೆಲ್ಲ ನಿಂತಿರುವುದು ಇದರ ಮೇಲೆ.

1. ಹೊಸ ಮೀನುಗಳನ್ನು ಎರಡರಿಂದ ನಾಲ್ಕು ವಾರ ಬೇರೆ ಡಬ್ಬಿ ಅಥವಾ ಚಿಕ್ಕ ತೊಟ್ಟಿಯಲ್ಲಿಟ್ಟು ನೋಡಿ. ಉಪ್ಪಿನ ಕಾಳು ಉದುರಿಸಿದಂಥ ಬಿಳಿ ಚುಕ್ಕೆ, ಮಡಚಿಕೊಂಡ ರೆಕ್ಕೆ, ಒಳಸೇರಿದ ಹೊಟ್ಟೆ ಕಂಡರೆ ಗುಣವಾಗುವ ತನಕ ಸೇರಿಸಬೇಡಿ.

2. ಬೆಟ್ಟಾ ಈಗಾಗಲೇ ತೊಟ್ಟಿಯಲ್ಲಿದ್ದರೆ ಅದನ್ನು ಮುಚ್ಚಳವಿರುವ ಬಕೆಟ್ಟಿಗೆ ಒಂದು ದಿನದ ಮಟ್ಟಿಗೆ ಸ್ಥಳಾಂತರಿಸಿ. ಕಲ್ಲು, ಬೇರು, ಗಿಡಗಳ ಜಾಗವನ್ನೆಲ್ಲ ಬದಲಿಸಿ. ವಾಪಸು ಬಂದಾಗ ಅದಕ್ಕೆ ಊರೇ ಹೊಸದೆನಿಸಬೇಕು.

3. ತೊಟ್ಟಿಯ ದೀಪ ಆರಿಸಿ. ಹೊಸ ಮೀನುಗಳನ್ನು ಚೀಲಕ್ಕೆ ಹಾಕಿ 15–20 ನಿಮಿಷ ನೀರಿನ ಮೇಲೆ ತೇಲಿಬಿಡಿ, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ. ಸೀಗಡಿಗಾದರೆ ಇದೇ ಕೆಲಸಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಕೊಡಿ. ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ತೊಟ್ಟಿಗೆ ಬೀಳದಿರಲಿ.

4. ಜೊತೆಗಾರರು ಅಡಗುದಾಣ ಹುಡುಕಿಕೊಂಡ ಮೇಲೆ, ಮರುದಿನ, ಬೆಟ್ಟಾಗೆ ಹೊಟ್ಟೆತುಂಬ ಆಹಾರ ಹಾಕಿ ಒಳಗೆ ಬಿಡಿ.

5. ಮೊದಲ ಎರಡು ಗಂಟೆ ಅಲ್ಲೇ ಇರಿ. ರಜೆಯ ದಿನ ಬೆಳಗ್ಗೆ ಇದಕ್ಕೆ ಸರಿಯಾದ ಸಮಯ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಈ ಕೆಲಸ ಬೇಡ.

ಯಾವುದು ಸಹಜ, ಯಾವುದು ಅಪಾಯ?

ಕಿವಿರು ಅಗಲಿಸಿ ಒಂದೆರಡು ಬಾರಿ ಹೆದರಿಸುವುದು, ನಾಲ್ಕು ಇಂಚು ಅಟ್ಟಿಸಿಕೊಂಡು ಹೋಗಿ ಸುಮ್ಮನಾಗುವುದು ಸಹಜ. ಹೊಸ ಪರಿಚಯದ ಬಿಗುಮಾನ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬಿಡದೆ ಅಟ್ಟುವುದು, ಒಂದೇ ಮೀನನ್ನು ಗುರಿಮಾಡುವುದು, ಜೊತೆಗಾರರು ಆಹಾರಕ್ಕೂ ಹೊರಬಾರದಿರುವುದು, ರೆಕ್ಕೆಯಲ್ಲಿ ಹೊಸ ಹರಕು: ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ದಿನವೇ ಬೇರ್ಪಡಿಸಬೇಕು. ನಾಳೆ ಸರಿಹೋದೀತು ಎಂದು ಕಾಯುವಂತಿಲ್ಲ. ಹೀಗಾಗಿಯೇ ಖಾಲಿ ತೊಟ್ಟಿಯೊಂದು ಮೊದಲೇ ಸಿದ್ಧವಿರಬೇಕು. ಇನ್ನೊಂದು ತೊಟ್ಟಿಗೆ ಮನೆಯಲ್ಲಿ ಜಾಗವಿಲ್ಲ ಎನ್ನುವವರು ಬಸವನಹುಳುವಿಗೇ ತೃಪ್ತಿಪಡುವುದು ಒಳ್ಳೆಯದು.

ಬೆಟ್ಟಾದ ಕಡೆಗೂ ಗಮನವಿರಲಿ. ರೆಕ್ಕೆ ಮಡಚಿ ಮೇಲಿನ ಮೂಲೆಯಲ್ಲೇ ನಿಂತಿದ್ದರೆ, ಬಣ್ಣ ಮಂಕಾಗಿದ್ದರೆ ತೊಂದರೆಯಲ್ಲಿರುವುದು ಅದೇ. ಯಾರೂ ಕಚ್ಚದಿದ್ದರೂ ಬಾಲದ ಒಂದು ತುಂಡು ಮಾಯವಾದರೆ, ಒತ್ತಡಕ್ಕೆ ಸಿಕ್ಕ ಬೆಟ್ಟಾ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರುವ ಸಾಧ್ಯತೆಯೂ ಇದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಯಾರನ್ನೂ ಸಹಿಸದ ಬೆಟ್ಟಾಗಳಿವೆ. ಒಂದೇ ದಿನ ಮೊಟ್ಟೆಯೊಡೆದ ಮರಿಗಳಲ್ಲೂ ಒಂದು ಸಾಧು, ಇನ್ನೊಂದು ರೌಡಿ. ಅಂಥದ್ದನ್ನು ಅದರ ಪಾಡಿಗೆ ಬಿಡಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಅಂಗಡಿಯಲ್ಲಿ ಒಟ್ಟಿಗೇ ಇದ್ದವು’ ಎಂಬ ವಾದ. ಅಂಗಡಿಯ ತೊಟ್ಟಿಯಲ್ಲಿ ಮೀನು ಇರುವುದು ಕೆಲವೇ ದಿನ. ನೂರಾರು ಮೀನುಗಳ ಇಕ್ಕಟ್ಟಿನಲ್ಲಿ ಯಾವುದಕ್ಕೂ ಜಾಗ ಹಿಡಿಯುವ ಅವಕಾಶವೇ ಇರುವುದಿಲ್ಲ.

ಗುಂಪಿನ ಮೀನನ್ನು ಜೋಡಿಯಾಗಿ ತರುವುದು. ಎರಡು ಟೆಟ್ರಾ, ಎರಡು ಕೋರಿ, ಎರಡು ರಾಸ್ಬೋರಾ ತಂದರೆ ಆರೂ ಅಂಜಿಕೊಂಡೇ ಬದುಕುತ್ತವೆ. ಒಂದೇ ಜಾತಿಯ ಆರು ತಂದರೆ ತೊಟ್ಟಿಗೆ ಕಳೆ ಬರುತ್ತದೆ.

ಊಟದ ಲೆಕ್ಕ ತಪ್ಪುವುದು. ಬೆಟ್ಟಾ ಮೇಲಿನ ಕಾಳನ್ನು ಮುಗಿಸಿ ಕೆಳಗಿನವರ ಪಾಲಿಗೂ ಬಾಯಿ ಹಾಕುತ್ತದೆ, ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ; ಕೋರಿಗಳು ಉಪವಾಸ ಬೀಳುತ್ತವೆ. ಬೆಟ್ಟಾಗೆ ಒಂದು ಮೂಲೆಯಲ್ಲಿ ತೇಲುವ ಕಾಳು ಹಾಕಿ, ದೀಪ ಆರಿಸಿದ ಮೇಲೆ ಇನ್ನೊಂದು ಮೂಲೆಯಲ್ಲಿ ಮುಳುಗುವ ಬಿಲ್ಲೆ ಹಾಕುವುದು ಇದಕ್ಕೆ ಉಪಾಯ. ಕೋರಿ ‘ಕಸ ತಿಂದು ಬದುಕುತ್ತದೆ’ ಎಂಬ ಮಾತನ್ನು ನಂಬಬೇಡಿ.

ನಲ್ಲಿ ನೀರನ್ನು ನೇರವಾಗಿ ಸುರಿಯುವುದು. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಂಗಡಿಯಲ್ಲಿ ಸಿಗುವ ಆ್ಯಂಟಿ-ಕ್ಲೋರಿನ್ ಹನಿ ಬೆರೆಸಿದ ನೀರನ್ನೇ ವಾರಕ್ಕೊಮ್ಮೆ ಕಾಲುಭಾಗದಷ್ಟು ಬದಲಿಸಬೇಕು.

ಔಷಧಿಯ ಬಾಟಲಿ ಓದದಿರುವುದು. ಬೆಟ್ಟಾಗೆ ಕಾಯಿಲೆ ಬಂದಾಗ ಹಾಕುವ ತಾಮ್ರದ ಅಂಶವಿರುವ ಔಷಧಿ ಬಸವನಹುಳು, ಸೀಗಡಿಗಳಿಗೆ ವಿಷ. ಕಾಯಿಲೆಯ ಮೀನನ್ನು ಬೇರೆ ಪಾತ್ರೆಗೆ ತೆಗೆದು ಚಿಕಿತ್ಸೆ ಕೊಡಿ.

ಬೆಟ್ಟಾ ಹೋದ ಮೇಲೆ

ಅಂಗಡಿಗೆ ಬರುವ ಬೆಟ್ಟಾಗೆ ಆಗಲೇ ಹಲವು ತಿಂಗಳ ವಯಸ್ಸಾಗಿರುತ್ತದೆ, ಒಟ್ಟು ಆಯುಸ್ಸು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಕೋರಿಗಳು ಐದು ವರ್ಷವನ್ನು ಸುಲಭವಾಗಿ ದಾಟುತ್ತವೆ. ಅಂದರೆ ಇಂದು ಜೊತೆಗಾರರಾಗಿ ಬಂದವರೇ ತೊಟ್ಟಿಯ ಖಾಯಂ ನಿವಾಸಿಗಳು. ಅವು ಇರುವಾಗಲೇ ಇನ್ನೊಂದು ಬೆಟ್ಟಾ ತರುವ ದಿನ ಬರುತ್ತದೆ. ಆಗ ಕೆಲಸ ಹಗುರ, ಏಕೆಂದರೆ ಹೊಸ ಬೆಟ್ಟಾ ತಾನಾಗಿಯೇ ಕೊನೆಯಲ್ಲಿ ಬರುವ ಸದಸ್ಯ. ಹಳೆಯದು ಕಾಯಿಲೆಯಿಂದ ಸತ್ತಿದ್ದರೆ ಮಾತ್ರ ಆತುರ ಬೇಡ: ಉಳಿದವರಲ್ಲಿ ರೋಗದ ಲಕ್ಷಣ ಇದೆಯೇ ಎಂದು ಮೂರು ನಾಲ್ಕು ವಾರ ನೋಡಿ, ಅಷ್ಟರಲ್ಲಿ ಎರಡು ಮೂರು ಬಾರಿ ನೀರು ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆದು, ಆಮೇಲೆ ಅಂಗಡಿಗೆ ಹೋಗಿ. ಈ ಸಲ ಲೋಟ ಆರಿಸುವಾಗ ರಟ್ಟನ್ನು ಒಂದು ಕ್ಷಣ ಸರಿಸಿ ತೋರಿಸಲು ಹೇಳಿ. ಪಕ್ಕದ ಮೀನನ್ನು ಕಂಡು ರೆಕ್ಕೆ ಬಿಡಿಸಿ, ರಟ್ಟು ವಾಪಸು ಬಿದ್ದ ಕೂಡಲೇ ಸುಮ್ಮನಾಗುವ ಮೀನು ಆಗಬಹುದು. ರಟ್ಟು ಬಿದ್ದ ಮೇಲೂ ಲೋಟದ ಗೋಡೆಗೆ ಗುದ್ದುತ್ತಲೇ ಇರುವ ಮೀನನ್ನು, ಬಣ್ಣ ಎಷ್ಟೇ ಚೆನ್ನಾಗಿರಲಿ, ಒಂಟಿ ತೊಟ್ಟಿ ಇರುವವರಿಗೆ ಬಿಟ್ಟುಬಿಡಿ.